ನೀಲಪ್ಪ ಜರ್ಮನ್ ಬಾಲ ಹಚ್ಚಿದ್ದು

ಹೂಂಗುಟ್ಟುವವರು ಹತ್ತಿರ ಬನ್ನಿ, ನಗುವವರು ಬಾಯಿಗೆ ಸೆರಗು ಹಿಡಿದುಕೊಳ್ಳಿ. ಗುಡ್ಡದ ಬುಡದಲ್ಲಿ ಕಲ್ಲಾಪುರ ಅಂತ ಊರು. ಆ ಊರಲ್ಲಿ ರೊಟ್ಟಿ ಖಾನಾವಳಿ ನಡೆಸುವ ತಿಪ್ಪವ್ವ. ತಿಪ್ಪವ್ವನಿಗೆ ಒಬ್ಬನೇ ಮಗ, ನೀಲಪ್ಪ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ನೀರು ತಾ ಅಂದರೆ ತರುತ್ತಿದ್ದ. ಕೊಡದಲ್ಲಿ ತಾ ಅನ್ನದಿದ್ದರೆ ಬೊಗಸೆಯಲ್ಲಿ ತರುತ್ತಿದ್ದ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ನಾಯಿ ಬಂದು ರೊಟ್ಟಿ ಒಯ್ದರೂ ಕಣ್ಣು ಬಾಗಿಲ ಮೇಲೇ!

"ಶಿವನೇ, ಇವಗ ಯಾವಾಗ ಬುದ್ಧಿ ಕೊಡ್ತೀಯೋ!" ಅಂತ ತಿಪ್ಪವ್ವ ಹಣೆ ಬಡಿದುಕೊಳ್ಳುತ್ತಿದ್ದಳು. ತಾನು ಬಯ್ದರೆ ಬಯ್ದಳು. ಊರವರು "ದಡ್ಡ ನೀಲ್ಯಾ" ಅಂದರೆ ಮಾತ್ರ ಅವಳ ಎದೆಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು.

ಆ ವರ್ಷ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಪಂಖ ನೆಡಲು ಒಂದು ಕಂಪನಿ ಬಂತು. ಅದರ ಜೊತೆ ಜರ್ಮನಿಯಿಂದ ದೀಟರ್ ಸಾಹೇಬ ಬಂದ. ಸಾಹೇಬನಿಗೆ ಕನ್ನಡ ಬಾರದು, ಊರಿಗೆ ಜರ್ಮನ್ ಬಾರದು. ಹೈಸ್ಕೂಲಿನ ಕುಮುದಾ ಅಕ್ಕೋರು ಒಬ್ಬರೇ ಪುಣೆಯಲ್ಲಿ ಜರ್ಮನ್ ಕಲಿತು ಬಂದವರು.

"ಸಾಹೇಬನ ಕೂಡ ಓಡಾಡಾಕ ಒಬ್ಬ ಆಳು ಬೇಕಂತ. ನಾಲ್ಕು ಮಾತು ಜರ್ಮನ್ ಬಂದ್ರ ಸಾಕು. ಯಾರರ ಬರ್ರಿ, ನಾ ಕಲಿಸ್ತೀನಿ" ಅಂದರು ಅಕ್ಕೋರು.

ತಿಪ್ಪವ್ವ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಕೈ ಹಿಡಿದು ಕರೆದೊಯ್ದಳು. ಊರಿಗೆ ಊರೇ ನಕ್ಕಿತು. ನಗಲಿ!

"ನೋಡು ನೀಲಪ್ಪ" ಅಂದರು ಅಕ್ಕೋರು. "ಮಾಖೆನ್ ಅಂದ್ರ ಮಾಡೋದು. ಕೋಖೆನ್ ಅಂದ್ರ ಅಡಿಗಿ ಮಾಡೋದು. ತುದಿಗೆ 'ಎನ್' ಅಂತ ಬಾಲ ಐತಿ, ಕೇಳಿದೀ? ಆ ಬಾಲ ಕತ್ತರಿಸಿ ಒಗಿ. ಉಳಿದದ್ದು ಬೇರು. ಬೇರು ಜ್ವಾಕಿ!"

"ಬಾಲ ಒಗಿ, ಬೇರು ಜ್ವಾಕಿ! ಬಾಲ ಒಗಿ, ಬೇರು ಜ್ವಾಕಿ!" ಅಂತ ಜಪಿಸುತ್ತ ನೀಲಪ್ಪ ಮನೆಗೆ ಬಂದ. ತಿಪ್ಪವ್ವ ಮೆಂತೆಪಲ್ಲೆಯ ಸೂಡುಗಳನ್ನು ಅವನ ಮುಂದೆ ಇಟ್ಟು "ಸೋಸಪ್ಪಾ" ಅಂದಳು. ಸೋಸಿದ! ಎಲೆಯನ್ನೆಲ್ಲ ಕತ್ತರಿಸಿ ಗಟಾರಕ್ಕೆ ಒಗೆದ. ಬೇರುಗಳನ್ನು ತೊಳೆದು, ಒರೆಸಿ, ಬುಟ್ಟಿಯಲ್ಲಿ ಹೂವಿನಂತೆ ಜೋಡಿಸಿ ತಂದು ಕೊಟ್ಟ.

"ಏನಲೇ ಇದು?"

"ಬೇರವ್ವಾ! ಜ್ವಾಕಿ ಮಾಡೀನಿ!"

"ಅಯ್ಯೋ ಹುಚ್ಚಪ್ಪಾ! ಬಾಲ ತಗಿಯೋದಿದ್ರ ಮಾತಿನ ಬಾಲ ತಗೀಬೇಕೋ, ಪಲ್ಲೆದ್ದಲ್ಲ!"

"ಹಂಗ ಮಾಡ್ತೀನವ್ವಾ!"

ಮಧ್ಯಾಹ್ನ ಕಂಪನಿಯ ಮ್ಯಾನೇಜರ್ ಹಂಪಣ್ಣ ಊಟಕ್ಕೆ ಬಂದ. ಆಳನ್ನು ಆರಿಸುವವನು ಇವನೇ. ತಿಪ್ಪವ್ವ ಒಲೆಯ ಮುಂದೆ, ನೀಲಪ್ಪ ಬಡಿಸಲು. ಹಂಪಣ್ಣ ಹೊಟ್ಟೆ ತುಂಬ ಉಂಡು "ಸಾಕಪ್ಪಾ, ರೊಟ್ಟಿ ಹಾಕಬ್ಯಾಡ" ಅಂದ. ನೀಲಪ್ಪ ಮಾತಿನ ಬಾಲ ತೆಗೆದ. ಬ್ಯಾಡ ಹೋಯಿತು, ಹಾಕ ಉಳಿಯಿತು. ಹಾಕಿದ!

"ಹಾಕಬ್ಯಾಡ ಅಂದ್ನಲ್ಲೋ!"

ಮತ್ತೊಂದು ಹಾಕಿದ!

"ಲೇ, ಚಟ್ನಿ ಸುರೀಬ್ಯಾಡ!"

ಬ್ಯಾಡ ಹೋಯಿತು, ಸುರಿ ಉಳಿಯಿತು. ಡಬ್ಬಿಯನ್ನೇ ಸುರಿದ! ಹಂಪಣ್ಣ ಕೈ ತೊಳೆಯದೆ ಅಂಗಳಕ್ಕೆ ಓಡಿದ.

ತಿಪ್ಪವ್ವ ಸೌಟು ಹಿಡಿದುಕೊಂಡೇ ಮಗನನ್ನು ಅಕ್ಕೋರ ಮನೆಗೆ ಎಳೆದೊಯ್ದಳು. ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಬಾಲ ತಗದು ಬೋಳು ಬಿಡಬಾರದೋ! ಹೊಸ ಬಾಲ ಹಚ್ಚಬೇಕು. ನಾನು ಅಂದ್ರ 'ಎ'. ನೀನು ಅಂದ್ರ 'ಸ್ಟ್'. ಅವನು ಅಂದ್ರ 'ಟ್'. ನಾವು ಅಂದ್ರ 'ಎನ್'. ಇಷ್ ಮಾಖೆ, ದೂ ಮಾಖ್‌ಸ್ಟ್, ಎರ್ ಮಾಖ್ಟ್, ವಿಯರ್ ಮಾಖೆನ್!"

"ತಗದ ಬಾಲಾನ ಮತ್ತ ಹಚ್ಚೋದು?"

"ನಾವು ಅಂದಾಗ ಅದನ್ನ ಹಚ್ಚೋದು. ಇನ್ನ ಬಾಲ ಹಚ್ಚದ ಬಾಯಿ ತಗೀಬ್ಯಾಡ!"

ದಾರಿಯುದ್ದಕ್ಕೂ ನೀಲಪ್ಪ ಒಪ್ಪಿಸುತ್ತ ಬಂದ. ಇಷ್ ಮಾಖೆ, ದೂ ಮಾಖ್‌ಸ್ಟ್, ಎರ್ ಮಾಖ್ಟ್. ಒಂದೂ ತಪ್ಪಲಿಲ್ಲ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುವ ಮಗ ಇವನೇನಾ? ತಿಪ್ಪವ್ವ ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಲೆ ಎತ್ತಿ, ಮುಖ್ಯ ಬೀದಿಯಲ್ಲೇ ನಡೆದಳು.

ಹೊಟ್ಟೆ ಇಳಿದ ಮೇಲೆ ಹಂಪಣ್ಣ ಮತ್ತೆ ಬಂದ. ಬೇರೆ ಯಾರೂ ಜರ್ಮನ್ ಕಲಿಯಲು ಮುಂದೆ ಬಂದಿರಲಿಲ್ಲ, ಏನು ಮಾಡಿಯಾನು! "ಏನಪ್ಪಾ, ಸಾಹೇಬನ ಕೆಲಸ ಮಾಡ್ತೀಯೇನು?"

ನೀಲಪ್ಪ ಎದೆ ಉಬ್ಬಿಸಿದ. ನಾನು ಅಂದರೆ ಎ! "ನಾನು ಮಾಡೆ!"

"ಏನಂದಿ? ಗುಡ್ಡಕ್ಕ ಬರ್ತೀಯೋ ಇಲ್ಲೋ?"

"ನಾನು ಬಾರೆ!"

"ಹೇಳಿದ ಮಾತರ ಕೇಳ್ತೀಯೇನು?"

"ನಾನು ಕೇಳೆ!"

"ಇಷ್ಟು ಸೊಕ್ಕೇನವ್ವಾ ನಿನ್ನ ಮಗಗ!" ಅಂತ ಹಂಪಣ್ಣ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ತಿಪ್ಪವ್ವ ಒಲೆಯ ಮುಂದೆ ಕುಸಿದು ಕುಳಿತಳು. ಕಣ್ಣಲ್ಲಿ ನೀರು; ಅದು ಹೊಗೆಯ ನೀರಲ್ಲ. "ಕನ್ನಡಕ್ಕ 'ಎ' ಹಚ್ಚಿದ್ರ ಒಲ್ಲೆ ಅಂದಂಗ ಆಗತೈತೋ! 'ಎ' ಅಂದ್ರ ಒಲ್ಲೆ, ತಿಳೀತಾ? ಜರ್ಮನ್ ಬಾಲ ಜರ್ಮನ್‌ರಿಗೆ ಇಟ್ಟುಕೋ. ಎದುರಿಗೆ ಯಾರು ಅದಾರ ನೋಡು, ನೋಡಿ ಬಾಲ ಹಚ್ಚು!"

"ಹಂಗ ಮಾಡ್ತೀನವ್ವಾ, ನೀ ಅಳಬ್ಯಾಡ" ಅಂದ ನೀಲಪ್ಪ.

ಮರುದಿನ ದೀಟರ್ ಸಾಹೇಬನೇ ಬಂದ. ಹುಡುಗನನ್ನು ಒಂದು ಸಲ ನೋಡಿ ಅಂತ ಅಕ್ಕೋರೇ ಕೈ ಮುಗಿದು ಕರೆತಂದಿದ್ದರು. ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ತುತ್ತು ನಿಲ್ಲಿಸಿ ನೋಡಿದರು. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯೂ ಮೆಲುಕು ನಿಲ್ಲಿಸಿ ನೋಡಿತು. ಸಾಹೇಬ ನಗುತ್ತ ಕೇಳಿದ: "ವಾಸ್ ಕೋಖ್‌ಸ್ಟ್ ದೂ?" ನೀನು ಏನು ಅಡಿಗೆ ಮಾಡ್ತೀ ಅಂತ.

ಎದುರಿಗೆ ಯಾರಿದ್ದಾರೆ? ನೀಲಪ್ಪ ನೋಡಿದ. ಸಾಹೇಬ ಇದ್ದಾನೆ. ಎದುರಿಗಿರುವವನು ಅಂದರೆ ನೀನು. ನೀನು ಅಂದರೆ ಸ್ಟ್! "ದೂ ಕೋಖ್‌ಸ್ಟ್!" ಅಂದ. ನೀನು ಅಡಿಗೆ ಮಾಡ್ತೀ!

ಸಾಹೇಬ ಬೆಚ್ಚಿ ಎದೆ ಮುಟ್ಟಿಕೊಂಡ. "ಇಷ್? ಇಷ್ ಕೋಖೆ?"

ನಾನಾ, ನಾನು ಮಾಡಬೇಕಾ ಅಂತ ಸಾಹೇಬ ಕೇಳಿದ್ದು. ಆದರೆ ನೀಲಪ್ಪನ ಕಿವಿಗೆ ಬಿದ್ದದ್ದು ತುದಿಯ 'ಎ' ಮಾತ್ರ. "ಅವ್ವಾ, ಸಾಹೇಬ ಒಲ್ಲೆ ಅಂತಾನ!" ಅಂತ ಕೂಗಿ, ರಟ್ಟೆ ಹಿಡಿದು, "ದೂ ಕೋಖ್‌ಸ್ಟ್! ದೂ ಕೋಖ್‌ಸ್ಟ್!" ಅನ್ನುತ್ತ ಅವನನ್ನು ಒಳಗೆ ಎಳೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿಬಿಟ್ಟ! ಅಕ್ಕೋರು "ಬಿಡೋ, ಬಿಡೋ!" ಅನ್ನುವಷ್ಟರಲ್ಲಿ ಸಾಹೇಬನ ಕೈ ಹಿಟ್ಟಿನಲ್ಲಿತ್ತು. ರೊಟ್ಟಿ ಬಡಿದ, ಹರಿಯಿತು. ಬಡಿದ, ಮತ್ತೆ ಹರಿಯಿತು. ನೀಲಪ್ಪ ಹೊರಗಿನವರ ಕಡೆ ತಿರುಗಿ, ಬೆರಳು ತೋರಿಸಿ ಸಾರಿದ: "ಎರ್ ಕೋಖ್ಟ್!" ಅವನು ಅಡಿಗೆ ಮಾಡ್ತಾನೆ!

ಬಡಿಯಲು ಸೌಟು ಎತ್ತಿದ್ದ ತಿಪ್ಪವ್ವನ ಕೈಯನ್ನು ಅಕ್ಕೋರು ಹಿಡಿದುಕೊಂಡರು. "ತಿಪ್ಪವ್ವಾ, ಒಂದು ಬಾಲಾನೂ ತಪ್ಪಿಲ್ಲ!"

ಸೌಟು ಕೆಳಗಿಳಿಯಿತು. ತಪ್ಪಿಲ್ಲವಂತೆ! ಇಡೀ ಕಲ್ಲಾಪುರದಲ್ಲಿ ಜರ್ಮನಿಯವನಿಗೆ ಜರ್ಮನ್‌ನಲ್ಲೇ ಹುಕುಂ ಕೊಟ್ಟವನು, ಕೊಟ್ಟು ಅವನ ಕೈಯಿಂದಲೇ ರೊಟ್ಟಿ ಬಡಿಸಿದವನು ಇನ್ನೊಬ್ಬನಿದ್ದರೆ ಬರಲಿ! ಅವಳಿಗೆ ಕುಪ್ಪಸ ಬಿಗಿಯಾಯಿತು.

ಸಾಹೇಬ ತಾನು ಬಡಿದ ಹರಕು ರೊಟ್ಟಿಯನ್ನು ತಾನೇ ತಿಂದು, ಹೊಟ್ಟೆ ಹಿಡಿದು ನಕ್ಕ. ನೀಲಪ್ಪನ ಬೆನ್ನು ತಟ್ಟಿ "ಮೊರ್ಗೆನ್ ಆರ್ಬೈಟೆನ್ ವಿಯರ್!" ಅಂದ.

"ನಾಳೆ ನಾವು ಕೆಲಸ ಮಾಡ್ತೀವಿ ಅಂದ್ರು" ಅಂತ ಅಕ್ಕೋರು ಬಿಡಿಸಿ ಹೇಳಿದರು. "ನಿನಗ ಕೆಲಸ ಸಿಕ್ತೋ!"

ತಿಪ್ಪವ್ವ ಮಗನ ಗಲ್ಲ ಹಿಡಿದಳು. "ಕೇಳಿಲ್ಲಿ. ಸಾಹೇಬ ಏನಂದನೋ ಅಷ್ಟು ಮಾಡು. ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ."

"ಹಂಗ ಮಾಡ್ತೀನವ್ವಾ!"

ಸಾಹೇಬ ಏನಂದ? ನಾನು ಅನ್ನಲಿಲ್ಲ, ನೀನು ಅನ್ನಲಿಲ್ಲ. ನಾವು ಅಂದ! ನಾವು ಅಂದರೆ ಅಲ್ಲಿದ್ದವರೆಲ್ಲ! ಬೆಳಗಾಗುತ್ತಲೇ ನೀಲಪ್ಪ ನಿನ್ನೆ ಉಣ್ಣುತ್ತಿದ್ದವರ ಮನೆಮನೆಯ ಬಾಗಿಲು ಬಡಿದ. "ನಡೀರಿ, ಸಾಹೇಬ ಕೆಲಸಕ್ಕ ಕರದಾನ!" ಜರ್ಮನ್ ಬಲ್ಲವನ ಮಾತು, ಯಾರು ಇಲ್ಲವೆಂದಾರು? ದರ್ಜಿ ಕತ್ತರಿ ಹಿಡಿದು ಬಂದ. ಕ್ಷೌರದ ಯಂಕಪ್ಪ ಪೆಟ್ಟಿಗೆ ಹಿಡಿದು ಬಂದ. ಅಕ್ಕೋರು ಶಾಲೆಗೆ ರಜೆ ಹಾಕಿ ಬಂದರು. ಎಲ್ಲರ ಮುಂದೆ ತಿಪ್ಪವ್ವ, ಹೊಸ ಇಳಕಲ್ಲ ಸೀರೆಯಲ್ಲಿ. ಮಗ ತನ್ನ 'ನಾವು'ನಲ್ಲಿ ತನ್ನನ್ನೂ ಸೇರಿಸಿದ್ದಾನಲ್ಲ, ಅವಳು ಹಿಂದೆ ಉಳಿದಾಳೇ?

ಗುಡ್ಡದ ಮೇಲೆ ಸಾಹೇಬ ಬಾಯಿ ತೆರೆದು ನಿಂತ. "ವೆರ್?" ಅಂದ. ಯಾರಿವರು?

ನೀಲಪ್ಪ ಎದೆ ಉಬ್ಬಿಸಿ, ಜನದ ಮೇಲೆಲ್ಲ ಕೈ ಬೀಸಿ ಕೂಗಿದ: "ವಿಯರ್ ಆರ್ಬೈಟೆನ್!" ನಾವು ಕೆಲಸ ಮಾಡ್ತೀವಿ!

ಹಂಪಣ್ಣ ತಲೆಯ ಮೇಲೆ ಕೈ ಹೊತ್ತು ಓಡಿ ಬಂದ. "ಲೇ ನೀಲ್ಯಾ! ಮಂದಿ ಹೋಗ್ಲಿ, ಈ ಎಮ್ಮಿ ಯಾಕೋ?"

"ಅದೂ ನಿನ್ನೆ ಹಿತ್ತಲದಾಗ ಇತ್ತಲ್ರೀ, ಅದೂ ನಾವೇ!" ಅಂದ ನೀಲಪ್ಪ, ಸಾಹೇಬ ತನಗೆ ಕೊಟ್ಟಿದ್ದ ಕೆಲಸದ ಟೋಪಿಯನ್ನು ಎಮ್ಮೆಯ ಕೊಂಬಿಗೆ ಸಿಕ್ಕಿಸುತ್ತ.

ಹಂಪಣ್ಣ ಬಯ್ಯಲು ಬಾಯಿ ತೆರೆದ. ತಿಪ್ಪವ್ವ ಅಡ್ಡ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬಾಲ ತಪ್ಪಿದ್ರ ಹೇಳ್ರಿ ಮ್ಯಾನೇಜರ! ಇಲ್ಲಾಂದ್ರ ದಾರಿ ಬಿಡ್ರಿ, ಎಮ್ಮಿ ಕೆಲಸಕ್ಕ ಹೊತ್ತಾತು!"