ಸಿಂಹದ ಹಣೆಗೆ ತಗಡು

ಬಂದರಿನ ಸುಂಕದ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ಒಂದು ದಿನ ಊರಿನ ದೊಡ್ಡ ಧಣಿ ದೇವಪಾಲ ಬಲ್ಲಾಳರು ಅವನ ಮೇಜಿನ ಮುಂದೆ ಬಂದು ನಿಂತರು. ಆಫ್ರಿಕದಲ್ಲಿ ಅವರು ಬೇಟೆಯಾಡಿದ ಸಿಂಹದ ಚರ್ಮ, ಹದಮಾಡಿ, ತಲೆಸಮೇತ ಹಡಗಿನಲ್ಲಿ ಬಂದಿತ್ತು. ಬಿಡಿಸಿಕೊಳ್ಳಲು ಬೇಕಾದ ಪರವಾನಗಿ ಮಾತ್ರ ಬಂದಿರಲಿಲ್ಲ. ಹೊರಗೆ ಅಭಿಮಾನಿಗಳು ಹಾರ ಹಿಡಿದು ಕಾಯುತ್ತಿದ್ದರು.

"ಆಡಿನ ಚರ್ಮಕ್ಕೆ ಪರವಾನಗಿ ಬೇಡವಲ್ಲ? ಆಡು ಅಂತ ಬರೆ ಮಾರಾಯ. ಇಲ್ಲದಿದ್ದರೆ ನಾಳೆ ನಿನಗೆ ಈ ಕೆಲಸ ಇರುವುದಿಲ್ಲ," ಎಂದರು ಬಲ್ಲಾಳರು.

"ಸರಕು ಏನೆಂದು ಮಾಲೀಕರೇ ಬರೆಯಬೇಕು, ಧಣಿ," ಎಂದು ಗುಮಾಸ್ತ ಅರ್ಜಿಯನ್ನು ಮುಂದಿಟ್ಟ. ಬಲ್ಲಾಳರು 'ಆಡು' ಎಂದು ಬರೆದು ದೊಡ್ಡ ಸಹಿ ಹಾಕಿದರು.

ಗುಮಾಸ್ತ ಅಂಗೈಯಗಲದ ತಗಡೊಂದನ್ನು ತೆಗೆದು ಬರೆದ: 'ಆಡಿನ ಚರ್ಮ. ಮಾಲೀಕರು: ದೇವಪಾಲ ಬಲ್ಲಾಳ.' ಆಮೇಲೆ ಮೊಳೆ, ಸುತ್ತಿಗೆ ಹಿಡಿದು ಸಿಂಹದ ಹಣೆಯ ಬಳಿ ಹೋದ.

"ಏಯ್, ಇದೇನು?"

"ನಿಯಮ, ಧಣಿ. ಬರೆದುಕೊಟ್ಟ ಹೆಸರು ಎಲ್ಲರಿಗೂ ಕಾಣಬೇಕು. ತಗಡು ಕಿತ್ತರೆ ಚರ್ಮ ಜಪ್ತಿ."

"ಇದನ್ನು ನಮ್ಮ ಚಾವಡಿಯಲ್ಲಿ ತೂಗುಹಾಕಲಿಕ್ಕಿದೆ! ಬಂದವರು ಓದುವುದಿಲ್ಲವಾ?"

"ಓದಲಿ ಅಂತಲೇ ಅಕ್ಷರ ದಪ್ಪ ಮಾಡಿದ್ದೇನೆ. ಬಲ್ಲಾಳರು ಎಂಥಾ ಆಡು ಹೊಡೆದಿದ್ದಾರೆ ಅಂತ ಮೆಚ್ಚಿಕೊಳ್ಳುತ್ತಾರೆ."

ಬಲ್ಲಾಳರು ತಗಡನ್ನೂ ಸಿಂಹವನ್ನೂ ನೋಡಿದರು. ಅರ್ಜಿಯನ್ನು ಕಸಿದು ನಾಲ್ಕು ತುಂಡು ಮಾಡಿದರು. "ಸಿಂಹ ಅಂತಲೇ ಇರಲಿ. ಪರವಾನಗಿ ತರಿಸುತ್ತೇನೆ."

"ಅಲ್ಲಿಯವರೆಗೆ ನಮ್ಮ ಉಗ್ರಾಣದಲ್ಲಿ ಸಿಂಹವಾಗಿಯೇ ಇರುತ್ತದೆ, ಧಣಿ."

ಹೊರಗೆ ಬಂದ ಬಲ್ಲಾಳರು ಅಭಿಮಾನಿಗಳ ಮುಂದೆ ಎದೆಯುಬ್ಬಿಸಿದರು. "ಕಾನೂನು ಎಲ್ಲರಿಗೂ ಒಂದೇ. ಪರವಾನಗಿ ಬರುವವರೆಗೆ ನನ್ನ ಸಿಂಹವನ್ನೂ ಬಿಡಬೇಡ ಅಂತ ಆ ಗುಮಾಸ್ತನಿಗೆ ಗದರಿಸಿ ಬಂದಿದ್ದೇನೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟಕಿಯ ಒಳಗಿನಿಂದ ಗುಮಾಸ್ತನೂ ತಟ್ಟಿದ.