ತಳವಾರ ಹಿಡಿದ ದಾರಿ

“ಗುರುಗಳೇ, ತಪ್ಪು ಮಾಡಿದ ಮಕ್ಕಳನ್ನು ಹಿಡಿದ ಮೇಲೂ ನ್ಯಾಯಮಂಡಳಿಗೆ ಒಪ್ಪಿಸದೆ ಬಿಡುವುದು ಕರ್ತವ್ಯಕ್ಕೆ ಬಗೆದ ದ್ರೋಹವಲ್ಲವೇ?” ಎಂದು ಶಿಷ್ಯ ಕೇಳಿದ. ಅವನು ಪೊಲೀಸ್ ಠಾಣೆಯೊಂದರ ಅಧಿಕಾರಿ.

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಒಬ್ಬ ತಳವಾರನಿದ್ದ. ತಪ್ಪಿತಸ್ಥರನ್ನು ಹಿಡಿದು ನ್ಯಾಯಸ್ಥಾನಕ್ಕೆ ಒಪ್ಪಿಸುವುದು ಅವನ ಕೆಲಸ. ಅದೇ ಪಟ್ಟಣದಲ್ಲಿ ಬಟ್ಟೆ ನೇಯುವ ಒಬ್ಬ ಮುದುಕಿಯಿದ್ದಳು. ಒಂದು ದಿನ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಅವಳ ಮನೆ ಹೊಕ್ಕು, ಮಗ್ಗಕ್ಕೆ ಬಿಗಿದಿದ್ದ ಹಾಸುನೂಲನ್ನೆಲ್ಲ ಕತ್ತರಿಸಿಹಾಕಿದಳು. ಮುದುಕಿ ಹುಡುಗಿಯ ತಾಯಿಯನ್ನು ನಾಲ್ಕು ಜನರೆದುರು ಹೀಯಾಳಿಸಿದ್ದಳೆಂಬ ಸಿಟ್ಟು ಅವಳಿಗೆ.

ತಳವಾರ ಅವಳನ್ನು ಹಿಡಿದು ಹೊರಟ. ಹತ್ತು ವರ್ಷದ ಹಿಂದೆ ಅದೇ ದಾರಿಯಲ್ಲಿ, ತೆಂಗಿನಕಾಯಿ ಕದ್ದ ಹುಡುಗನೊಬ್ಬನನ್ನು ಕರೆದೊಯ್ದಿದ್ದ. ನ್ಯಾಯಸ್ಥಾನದಲ್ಲಿ ಕಳ್ಳನೆಂದು ಬರೆಸಿಕೊಂಡವನಿಗೆ ಆಮೇಲೆ ಯಾರೂ ಕೆಲಸ ಕೊಡಲಿಲ್ಲ. ಅವನು ಕಳ್ಳನೇ ಆಗಿಬಿಟ್ಟ. ಅದು ನೆನಪಾಗಿ ತಳವಾರನ ಕಾಲು ತಡೆಯಿತು. ಹುಡುಗಿಯನ್ನು ಮುದುಕಿಯ ಬಾಗಿಲಿಗೇ ತಿರುಗಿ ಕರೆತಂದ.

“ಇವಳನ್ನು ಇಲ್ಲಿಗೇಕೆ ಕರೆತಂದೆ?” ಎಂದಳು ಮುದುಕಿ.

“ಕೆಡಿಸಿದ್ದನ್ನು ಇವಳೇ ಸರಿಮಾಡಲಿ, ಅವ್ವಾ. ಓಡಿಹೋದರೆ ಇವಳ ಶಿಕ್ಷೆ ನನಗಿರಲಿ.”

ಮುದುಕಿ ಹುಡುಗಿಯನ್ನು ಮಗ್ಗದ ಮುಂದೆ ಕೂರಿಸಿದಳು. ಆಮೇಲೆ ತುಂಡಾದ ಒಂದು ಎಳೆಯನ್ನೆತ್ತಿ, ಗಂಟು ಹಾಕುವುದು ಹೇಗೆಂದು ಒಂದೇ ಸಲ ತೋರಿಸಿದಳು. ಅಂಥ ಎಳೆ ಎರಡು ಸಾವಿರ.

ತಳವಾರ ದಿನವೂ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಹುಡುಗಿ ಒಳಗಿದ್ದಾಳೋ ಇಲ್ಲವೋ ಎಂಬ ಭಯ ಅವನಿಗೆ. ಇರುತ್ತಿದ್ದಳು. ಮೊದಲೆರಡು ದಿನ ಅಳುತ್ತಿದ್ದಳು. ನಾಲ್ಕನೆಯ ದಿನ ಬೆರಳು ಒಡೆದು ನೆತ್ತರು ಬಂತು. ಮುದುಕಿಯೇ ಎಣ್ಣೆ ಹಚ್ಚಿದಳು. ಆಮೇಲೊಂದು ದಿನ ಹುಡುಗಿ ತಲೆಯೆತ್ತದೆ, “ತಪ್ಪಾಯಿತು” ಎಂದಳು. “ನನ್ನ ನಾಲಗೆಯದೂ ತಪ್ಪಿತ್ತು” ಎಂದಳು ಮುದುಕಿ.

ಹನ್ನೊಂದನೆಯ ದಿನ ಕೊನೆಯ ಗಂಟು ಬಿತ್ತು. ಮುದುಕಿ ಎಳೆಗಳ ನಡುವೆ ಲಾಳಿ ಎಸೆದಳು. ನೂಲು ತಡೆದುಕೊಂಡಿತು. ಬಟ್ಟೆ ಬೆಳೆಯತೊಡಗಿತು. ಮುದುಕಿ ಒಂದಿಷ್ಟು ಸರಿದು ಹುಡುಗಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ತಳವಾರನ ಮೈ ಜುಮ್ಮೆಂದಿತು. ಮೂವತ್ತು ವರ್ಷ ಎಷ್ಟೋ ಜನರನ್ನು ಹಿಡಿದು ಒಯ್ದಿದ್ದ. ಹೋದವರು ಮರಳಿ ಜನರೊಳಗೆ ಒಂದಾದದ್ದನ್ನು ಅವನು ಕಂಡಿರಲಿಲ್ಲ. ತನಗೇ ತಿಳಿಯದಂತೆ ಚಪ್ಪಲಿ ಕಳಚಿ, ಹೊಸ್ತಿಲ ಹೊರಗೇ ಕೈಮುಗಿದು ನಿಂತ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಕೇಳಿದ: “ಅಕಸ್ಮಾತ್ ಅವಳು ಓಡಿಹೋಗಿದ್ದರೆ?”

ಗುರುಗಳು ಅವನ ಮುಖ ನೋಡಿ ಹೇಳಿದರು: “ಹಿಡಿದು ಒಪ್ಪಿಸಲು ಹಗ್ಗವೊಂದಿದ್ದರೆ ಸಾಕು, ‘ಓಡಿಹೋದರೆ?’ ಎಂಬ ಆ ಭಯವನ್ನು ಹೊರಲು ತಳವಾರನೇ ಬೇಕು.”