ಹಾಲೇಶಿ ಸ್ನೇಹ ಸಮ್ಮಿಲನಕ್ಕೆ ಹೋದದ್ದು

ಈ ವ್ಯವಹಾರದಲ್ಲಿ ಪಣಕ್ಕಿದ್ದದ್ದು ಒಬ್ಬ ಗೆಳೆಯ. ಬೆಳ್ಳಿಯಲ್ಲ, ಬಂಗಾರವಲ್ಲ, ಸೈಟಲ್ಲ. ಮನೆಗೆ ಬಂದು, ಒಂದು ಎಲೆ ಉಂಡು, ‘ಬರ್ತೀನಿ ಕೊಟ್ರವ್ವ’ ಅಂತ ಹೇಳಿ ಹೋಗುವ ಒಬ್ಬನೇ ಒಬ್ಬ ಗೆಳೆಯ. ಮಾತು ಕುದುರಿದ್ದು ತಾಯಿಗೂ ಮಗನಿಗೂ. ಅವನು ಗೆಳೆಯನನ್ನು ಮನೆಗೆ ತರಬೇಕು, ಅವಳು ಅವನ ಚಿಂತೆ ಬಿಡಬೇಕು.

ಮಗ ಹಾಲೇಶಿ. ನಲವತ್ತು ದಾಟಿದ ಆಳು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು; ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಇಂಥವನನ್ನು ಅಂಗಡಿಯಲ್ಲಿ ಕೂರಿಸಿದರೆ ಕಳ್ಳತನದ ಭಯವಿಲ್ಲ, ಆದರೆ ವ್ಯಾಪಾರವೂ ಇಲ್ಲ. ಹೆಣ್ಣು ಕೊಟ್ಟವರಿಲ್ಲ, ಕೆಲಸ ಕೊಟ್ಟವರು ವಾರವೂ ಇಟ್ಟುಕೊಳ್ಳಲಿಲ್ಲ.

ಆ ವರ್ಷ ಅವನ ಹತ್ತನೇ ಕ್ಲಾಸಿನವರೆಲ್ಲ ಸೇರಿ ಸ್ನೇಹ ಸಮ್ಮಿಲನ ಮಾಡುವುದು ಅಂತಾಯಿತು. ಶಾಲೆ ಬಿಟ್ಟು ಇಪ್ಪತ್ತೈದು ವರ್ಷ. ಮೇಷ್ಟ್ರುಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಊಟ, ಫೋಟೋ. ಯಜಮಾನಿಕೆ ಕಬ್ಬಿಣದಂಗಡಿ ಪಾಲಾಕ್ಷನದು. ವಂತಿಗೆ ಕೊಡಲಾರದ ಹಾಲೇಶಿಗೆ ಆಮಂತ್ರಣ ಪತ್ರಿಕೆ ಹಂಚುವ ಕೆಲಸ ಬಿತ್ತು. ಬಿಟ್ಟಿ ಕಾಲು ಸಿಕ್ಕರೆ ಯಾರು ಬೇಡ ಅಂತಾರೆ?

ಕೊಟ್ರವ್ವ ಮಗನ ತಲೆಗೆ ಎಣ್ಣೆ ಹಚ್ಚುತ್ತಾ ಹೇಳಿದಳು: “ನೋಡಪ್ಪ, ಎಲ್ಲಾರ ಮನೆ ಬಾಗಿಲೂ ತಿರುಗ್ತೀಯ. ಒಬ್ಬರನ್ನ, ಒಬ್ಬರನ್ನಾದ್ರೂ ಸ್ನೇಹ ಮಾಡ್ಕೋ. ನಾಳೆ ನಾನು ಕಣ್ಣು ಮುಚ್ಚಿದ್ರೆ, ನೀನು ಉಂಡ್ಯಾ ಬಿಟ್ಯಾ ಅಂತ ಕೇಳೋರು ಬೇಡ್ವಾ? ಪಾಲಾಕ್ಷ ಹೇಳಿದ್ದನ್ನ ಮಾತ್ರ ಮೀರ್ಬೇಡ.”

“ಮೀರಲ್ಲವ್ವ!”

ಮೊದಲು ಹೋದದ್ದು ಹಿಟ್ಟಿನ ಗಿರಣಿಯ ಸುಲೋಚನಾ ಮನೆಗೆ. ಅವಳು ಅವನನ್ನು ಕಂಡದ್ದೇ ಹಿಗ್ಗಿದಳು. “ಅಯ್ಯೋ ಹಾಲೇಶಿ! ಎಷ್ಟು ವರ್ಷ ಆಯ್ತೋ! ಬಾ, ಊಟದ ಹೊತ್ತು, ಎಲೆ ಹಾಕಿದೀನಿ.”

“ಪತ್ರಿಕೆ ಕೊಟ್ಟು ಬಾ ಅಂದವ್ನೆ ಪಾಲಾಕ್ಷ. ಉಂಡು ಬಾ ಅಂದಿಲ್ಲ!” ಪತ್ರಿಕೆ ಹೊಸಿಲ ಮೇಲಿಟ್ಟ, ತಿರುಗಿ ನೋಡದೆ ನಡೆದ.

ಮನೆಗೆ ಬಂದು ಹೇಳಿದಾಗ ಕೊಟ್ರವ್ವ ಹಣೆ ಬಡಿದುಕೊಂಡಳು. “ತಾನಾಗಿ ಬಂದ ಗಿರಾಕಿನ ಅಟ್ಟಿದ್ಯಲ್ಲೋ! ಎಲೆ ಹಾಕಿರೋದು ಕಂಡ್ರೆ ಸುಮ್ನೆ ಕೂತು ಉಣ್ಬೇಕು. ಎಲೆ ಖಾಲಿ ಮಾಡಿ, ಚೆನ್ನಾಗಿತ್ತು ಅನ್ಬೇಕು. ತಿಳೀತಾ?”

“ತಿಳೀತವ್ವ!”

ಮಾರನೇ ದಿನ ರಂಗಸ್ವಾಮಿಯ ಮನೆ. ರಂಗಸ್ವಾಮಿ ಇವರ ಕ್ಲಾಸಿನವನೇ, ಹೋದ ವರ್ಷ ತೀರಿಕೊಂಡಿದ್ದ. ಸಮ್ಮಿಲನದಲ್ಲಿ ಅವನ ಫೋಟೋಕ್ಕೆ ಹಾರ ಹಾಕುವುದಿತ್ತು, ಅವನ ಅಣ್ಣನನ್ನು ಕರೆಯಬೇಕಿತ್ತು. ಹಾಲೇಶಿ ಹೋದ ಹೊತ್ತಿಗೆ ಅಲ್ಲಿ ವರ್ಷದ ಕಾರ್ಯ. ಹಿತ್ತಿಲ ಕಟ್ಟೆಯ ಮೇಲೆ ಎಲೆ ಹಾಕಿ ಎಡೆ ಇಟ್ಟಿದ್ದಾರೆ: ವಡೆ, ಪಾಯಸ, ಚಿತ್ರಾನ್ನ, ಸತ್ತವನಿಗೆ ಇಷ್ಟ ಅಂತ ಒಂದು ಸಿಗರೇಟು. ಮನೆಮಂದಿ ದೂರ ನಿಂತು ಕಾಗೆ ಕರೆಯುತ್ತಿದ್ದಾರೆ. ಕಾಗೆ ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ. ಮಕ್ಕಳು ಹಸಿದು ಅಳುತ್ತಿವೆ.

ಹಾಲೇಶಿ ಎಲೆ ಕಂಡ. ಕೂತ. ಉಂಡ. ಎಲೆ ಖಾಲಿ ಮಾಡಿದ. “ಚೆನ್ನಾಗಿತ್ತು! ಸಿಗರೇಟು ಬೇಡ, ನಾನು ಸೇದಲ್ಲ!”

“ಲೇ, ಅದು ಕಾಗೆಗೆ ಇಟ್ಟಿದ್ದು ಕಣೋ!” ಅಣ್ಣ ಕೋಲು ಹುಡುಕಿದ.

“ಕಾಗೆ ಬಂದಿರ್ಲಿಲ್ಲ ಅಣ್ಣ. ನಾನು ಬಂದಿದ್ದೆ!”

ಓಡಿಸಿಕೊಂಡು ಬಂದವನಿಗೆ ಕೊಟ್ರವ್ವ ಎರಡು ಬಿಟ್ಟಳು. “ಸತ್ತೋನ ಎಡೆ ತಿಂದ್ಯಲ್ಲೋ! ಮನೇಲಿ ಜನ ಸೇರಿದ್ದು ಕಂಡ್ರೆ ತಲೆ ತಗ್ಗಿಸಿ ಕೂತ್ಕೋ. ‘ಆಗಬಾರದಿತ್ತು, ಆಗೋಯ್ತು, ಧೈರ್ಯ ತಂದ್ಕೊಳ್ಳಿ’ ಅಂತ ಹೇಳು. ಹಾಗಂದ್ರೆ ಜನ ಹತ್ರ ಆಗ್ತಾರೆ.”

“ಹಾಗೇ ಅಂತೀನವ್ವ!”

ಆಮೇಲೆ ಉಳಿದದ್ದು ಲೆಕ್ಕದ ಮೇಷ್ಟ್ರು ರುದ್ರಮುನಿಯವರ ಮನೆ. ಚಪ್ಪರ ಹಾಕಿತ್ತು, ಜನ ತುಂಬಿತ್ತು. ಅವತ್ತು ಮೊಮ್ಮಗಳ ನಿಶ್ಚಿತಾರ್ಥ. ಹುಡುಗ ಹುಡುಗಿ ಹಾರ ಹಿಡಿದು ನಿಂತಿದ್ದಾರೆ. ಹಾಲೇಶಿ ಜನ ಕಂಡ. ತಲೆ ತಗ್ಗಿಸಿದ. ಹುಡುಗನ ತಂದೆಯ ಪಕ್ಕವೇ ಕೂತು, ಕೈ ಹಿಡಿದುಕೊಂಡ. “ಆಗಬಾರದಿತ್ತು. ಆಗೋಯ್ತು. ಧೈರ್ಯ ತಂದ್ಕೊಳ್ಳಿ!”

ಬೀಗರು ಎದ್ದು ನಿಂತರು. “ಹುಡುಗಿಗೆ ಏನಾಗಿದೆ ಮೇಷ್ಟ್ರೆ? ನಮಗೆ ಏನು ಮುಚ್ಚಿಟ್ಟಿದೀರಿ?”

ಮೇಷ್ಟ್ರು ಎಂಬತ್ತರ ವಯಸ್ಸಿನಲ್ಲೂ ಕೈ ಎತ್ತಿದರು. “ಶಾಲೇಲಿ ಕೊಟ್ಟಿದ್ದು ಸಾಲ್ಲಿಲ್ವೇನೋ ನಿನಗೆ!”

“ಸಾಕಾಗಿತ್ತು ಸಾರ್!” ಅಂದ ಹಾಲೇಶಿ, ನಿಜವನ್ನೇ.

ಕೊಟ್ರವ್ವ ಈ ಸಲ ಬೈಯಲಿಕ್ಕೂ ಸೋತಿದ್ದಳು. “ಹಾರ ಕಂಡ್ರೆ ಶುಭಕಾರ್ಯ ಅಂತ ತಿಳೀಬಾರ್ದೇನೋ? ಹಾರ ಹಿಡಿದು ನಿಂತಿದ್ರೆ ಚಪ್ಪಾಳೆ ತಟ್ಟು. ‘ಇಂಥ ಕಾರ್ಯ ಇನ್ನೂ ಹತ್ತಾಗ್ಲಿ’ ಅನ್ನು. ಇನ್ನು ಪತ್ರಿಕೆ ಮುಗೀತು. ನಾಡಿದ್ದು ಭಾನುವಾರದ ಸಮ್ಮಿಲನ ಒಂದೇ ಉಳಿದಿರೋದು ನಿನಗೆ. ಒಬ್ಬ ಬರ್ಲಿ ಮಗ. ಒಬ್ಬ.”

ಭಾನುವಾರ ಬಂತು. ಇಸ್ತ್ರಿ ಅಂಗಿ ತೊಟ್ಟು ಹಾಲೇಶಿ ಎಲ್ಲರಿಗಿಂತ ಮೊದಲು ಶಾಲೆ ಮುಟ್ಟಿದ. ಕಾರುಗಳು ಬಂದವು. ತಬ್ಬಿಕೊಂಡರು, ಬೆನ್ನು ಗುದ್ದಿಕೊಂಡರು, “ತಲೆಕೂದಲು ಎಲ್ಲಿ ಮಾರಿದ್ಯೋ” ಅಂತ ನಕ್ಕರು. ಹಾಲೇಶಿ ತಾನೂ ತೋಳು ಚಾಚಿ ನಿಂತಿದ್ದ. ಜನ ಆ ಕಡೆ ಈ ಕಡೆ ಹಾದು ಹೋದರು.

ಕಾರ್ಯಕ್ರಮ ಶುರುವಾಯಿತು. ಮೊದಲಿಗೆ ತೀರಿಕೊಂಡವರಿಗೆ ಶ್ರದ್ಧಾಂಜಲಿ. ರಂಗಸ್ವಾಮಿಯ ಫೋಟೋದ ಮುಂದೆ ಅಣ್ಣ ಹಾರ ಹಿಡಿದು ನಿಂತ. ಎಲ್ಲರೂ ಎದ್ದು ಮೌನವಾದರು.

ಹಾಲೇಶಿ ಹಾರ ಕಂಡ. ಪಟಪಟ ಚಪ್ಪಾಳೆ ತಟ್ಟಿದ. “ಇಂಥ ಕಾರ್ಯ ಇನ್ನೂ ಹತ್ತಾಗ್ಲಿ!”

ಅಣ್ಣನ ಕೈಯಿಂದ ಹಾರ ಜಾರಿತು. ಪಾಲಾಕ್ಷ ಹಾಲೇಶಿಯ ರಟ್ಟೆ ಹಿಡಿದು ಗೇಟಿನ ತನಕ ಎಳೆದು ತಂದ. “ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ. ಎಲ್ಲಾರೂ ಹೋಗೋ ತನಕ ಈ ಗೇಟು ಬಿಟ್ಟು ಕದಲ್ಬೇಡ. ಯಾರು ಏನು ಕೇಳಿದ್ರೂ ನಗು. ನಾನು ಹೇಳೋ ತನಕ ಒಂದೇ ಒಂದು ಮಾತಾಡ್ಬೇಡ!”

ಹಾಲೇಶಿ ಆಗಿಂದಲೇ ಶುರು ಮಾಡಿದ. ನಕ್ಕ.

ಗೇಟಿನಲ್ಲಿ ನಿಂತವನನ್ನು ಜನ ಪೆಂಡಾಲಿನವನು ಅಂದುಕೊಂಡರು. ಒಬ್ಬಳು ಕೈಗೆ ಚೀಲ ಕೊಟ್ಟಳು, ಒಬ್ಬ ಕಾರಿಗೆ ಜಾಗ ತೋರಿಸು ಅಂದ. ನಕ್ಕ. ಒಳಗೆ ಹಳೇ ಕತೆಗಳು, ಹಳೇ ಅಡ್ಡಹೆಸರುಗಳು. ಊಟ ಬಡಿಸಿದರು, ಊಟ ಮುಗಿಯಿತು. ಕರೆಯಲಿಕ್ಕೆ ಯಾರಿಗೂ ನೆನಪಾಗಲಿಲ್ಲ. ಮೆಟ್ಟಿಲ ಮೇಲೆ ಎಲ್ಲರೂ ಫೋಟೋಕ್ಕೆ ನಿಂತರು. ಫೋಟೋದವನೇ ಕೂಗಿದ: “ಗೇಟಲ್ಲಿರೋ ಅಣ್ಣ, ನೀವೂ ಇವರ ಜೊತೆಯೋರಾ?”

ಹಾಲೇಶಿ ನಕ್ಕ.

“ಜೊತೆಯೋನಾಗಿದ್ರೆ ಹೇಳ್ತಿದ್ದ, ನೀನು ತೆಗಿಯಪ್ಪ,” ಅಂದರು ಯಾರೋ. ತೆಗೆದ.

ಸಂಜೆಗೆ ಒಂದೊಂದೇ ಕಾರು ಹೊರಟಿತು. ಪಾಲಾಕ್ಷ ಬೈಕಿನಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು, ಫೋನಿನಲ್ಲಿ ಮಾತಾಡುತ್ತಾ, ಹಾಲೇಶಿಯ ಪಕ್ಕದಲ್ಲೇ ಹಾದು ಹೋದ. ಮಾತಾಡು ಅಂತ ಹೇಳಲೇ ಇಲ್ಲ.

ಕೊನೆಗೆ ಉಳಿದವನು ಹೊಸಪೇಟೆಯಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಅನ್ಸರ್. ದಿನವಿಡೀ ವೇದಿಕೆ ಕಾಣದ ಒಂದು ಮೂಲೆಯಲ್ಲಿ ಕೂತಿದ್ದವನು ಚೀಲ ಹಿಡಿದು ಗೇಟಿಗೆ ಬಂದ, ನೋಡಿದ, ನಿಂತ.

“ಹಾಲೇಶಿ! ಹಾಲೇಶಿ ಅಲ್ವೇನೋ ನೀನು? ಕೊನೇ ಬೆಂಚು! ನಾನು ಕಣೋ, ಅನ್ಸರ್!”

ಹಾಲೇಶಿ ನಕ್ಕ. ಮುಖದ ತುಂಬ ನಕ್ಕ.

“ಬೆಳಿಗ್ಗೆಯಿಂದ ನೀನು ಬರ್ತೀಯೇನೋ ಅಂತ ದಾರಿ ನೋಡ್ತಿದ್ದೆ. ಇಲ್ಲಿ ಎಲ್ಲಾರೂ ದೊಡ್ಡ ದೊಡ್ಡ ಮಾತಾಡ್ತಾರಪ್ಪ, ನನಗೆ ಅವರ ಜೊತೆ ಸೇರೋಕೇ ಆಗ್ಲಿಲ್ಲ. ಹೋದ ವರ್ಷ ಹೆಂಡತಿ ತೀರ್ಕೊಂಡ್ಳು. ಮನೇಲಿ ಮಾತಿಗೆ ಯಾರಿಲ್ಲ. ಬಸ್ಸಿಗೆ ಇನ್ನೂ ಹೊತ್ತಿದೆ. ನಿಮ್ಮನೆಗೆ ಬರ್ಲಾ? ಅಮ್ಮ ಇದಾರಾ?”

ಹಾಲೇಶಿಯ ಗಂಟಲ ತನಕ ಬಂತು ಮಾತು. ಅವ್ವ ಕೇಳಿದ್ದ ಒಬ್ಬ ಇವನೇ, ಎದುರಿಗೇ ನಿಂತಿದ್ದಾನೆ! ಆದರೆ ಪಾಲಾಕ್ಷ ಹೇಳಿಲ್ಲ. ಪಾಲಾಕ್ಷ ಹೇಳಿದ್ದನ್ನು ಮೀರಬೇಡ ಅಂದವಳೂ ಅವ್ವನೇ. ಹಾಲೇಶಿ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕ.

“ಬರ್ಲೋ ಬೇಡ್ವೋ ಹೇಳೋ!”

ನಕ್ಕ.

ಅನ್ಸರ್ ಒಂದು ಹೆಜ್ಜೆ ಹಿಂದೆ ಸರಿದ. “ಹೆಂಡತಿ ಸತ್ತಳು ಅಂದ್ರೂ ನಗ್ತೀಯಲ್ಲೋ. ಆಗ್ಲಿ ಬಿಡಪ್ಪ. ಎಲ್ಲಾರೂ ಬದಲಾಗ್ತಾರೆ.” ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಅವನು ತಿರುವಿನಲ್ಲಿ ಮರೆಯಾದ ಮೇಲೆ, ಎಲ್ಲರೂ ಹೋದಂತಾಯಿತು ಅಂತ ಹಾಲೇಶಿ ಗೇಟು ಬಿಟ್ಟ.

ಮನೆಯಲ್ಲಿ ಕೊಟ್ರವ್ವ ದೀಪ ಹಚ್ಚಿ ಬಾಗಿಲಲ್ಲೇ ಕೂತಿದ್ದಳು. “ಯಾರಾದ್ರೂ ಸಿಕ್ಕಿದ್ರಾ ಮಗ?”

ಹಾಲೇಶಿ ನಕ್ಕ.

“ಸಿಕ್ಕಿದ್ನಾ! ಬರ್ತಾನಾ?”

ನಕ್ಕ.

“ಇವತ್ತೇ ಬರ್ತಾನೇನೋ? ಹಿಂದೆ ಬರ್ತಾವ್ನಾ?”

ಹಾಲೇಶಿ ಮತ್ತೂ ಜೋರಾಗಿ ನಕ್ಕ. ಕೊಟ್ರವ್ವ ಧಡಬಡ ಎದ್ದಳು. ಒಲೆ ಹೊತ್ತಿಸಿ ಶಾವಿಗೆ ಬಸಿದಳು, ಹಪ್ಪಳ ಕರಿದಳು, ಮೂರು ಎಲೆ ಹಾಕಿದಳು. ಆಮೇಲೆ ಬಂದು ಹೊಸಿಲ ಮೇಲೆ ಕೂತು ದಾರಿ ನೋಡತೊಡಗಿದಳು. ಅವ್ವ ಅಷ್ಟು ನಂಬಿ ನೋಡುವುದನ್ನು ಕಂಡು, ಯಾರೋ ಬರುವವರಿದ್ದಾರೆ ಅಂತ ಹಾಲೇಶಿಯೂ ಪಕ್ಕದಲ್ಲಿ ಕೂತು ನೋಡತೊಡಗಿದ.

ಒಟ್ಟು ಗಳಿಕೆ ಇಷ್ಟು: ಒಂದು ಸಂಜೆಯ ಕಾಯುವಿಕೆ. ಅದೂ ಇಬ್ಬರಿಗೆ ಸಮಪಾಲು.